ಇಸೊಕಿಚಿಯ ದೆವ್ವ, ಸೇನಾಪತಿಯ ಗಡ್ಡ

1

ಗಡ್ಡದಿಂದ ಶುರು ಮಾಡಲೋ, ದೆವ್ವದಿಂದ ಶುರು ಮಾಡಲೋ ತಿಳಿಯದೆ ಬೆಳಗಿನಿಂದ ಬರೀ ಚಹಾ ಕುಡಿಯುತ್ತ ಕೂತಿದ್ದೇನೆ. ಗಡ್ಡದಿಂದ ಶುರು ಮಾಡಿದರೆ ನೀವು ನಗುತ್ತೀರಿ. ನಕ್ಕವರನ್ನು ಆಮೇಲೆ ಅಳಿಸುವುದು ಸುಲಭ. ದೆವ್ವದಿಂದ ಶುರು ಮಾಡಿದರೆ ಮೊದಲ ಸಾಲಿಗೇ ಮುಖ ಗಂಟು ಹಾಕಿಕೊಳ್ಳುತ್ತೀರಿ, ಮುಂದೆ ನನ್ನ ಒಂದು ಹಾಸ್ಯವೂ ನಡೆಯುವುದಿಲ್ಲ. (ಇದು ವ್ಯಾಪಾರಿಯ ಬುದ್ಧಿ ಅನ್ನುತ್ತೀರಾ? ಹೌದು. ಈ ಕಥೆಯಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ, ಅವನ ಗಾಳಿ ನನಗೂ ಬಡಿದಿದೆ.)

ಹಾಗಾದರೆ ಗಡ್ಡವೇ ಇರಲಿ.

2

ಜಪಾನಿನ ಆಸಾಕುಸಾ ಪೇಟೆಯ ಹಿಂದಿನ ಓಣಿಯೊಂದರಲ್ಲಿ ತೊಮೆಗೊರೊ ಎಂಬ ಮುದುಕ ಚೆರಿ ಮರದ ಹಲಗೆಯ ಮೇಲೆ ಬಗ್ಗಿ ಕೂತು ರಷ್ಯದ ಸೇನಾಪತಿಯೊಬ್ಬನ ಗಡ್ಡ ಕೆತ್ತುತ್ತಿದ್ದಾನೆ. ಚಿತ್ರದ ಅಚ್ಚು ಕೆತ್ತುವವರಲ್ಲಿ ಅವನು ತಲೆಯ ಕೆಲಸದವನು. ಬಟ್ಟೆ, ದೋಣಿ, ಗಿಡ, ಮೋಡ ಇವನ್ನೆಲ್ಲ ಯಾರು ಬೇಕಾದರೂ ಕೆತ್ತಲಿ. ಮುಖ ಮತ್ತು ಕೂದಲು ಮಾತ್ರ ಅವನದು. ಒಂದು ಕಾಲದಲ್ಲಿ ಚೆಂದದ ಹೆಂಗಸರ ಹಣೆಯಂಚಿನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಕೆತ್ತುವವನು ಎಂದು ಊರಲ್ಲೆಲ್ಲ ಹೆಸರಿತ್ತು. ಆಮೇಲೆ ಫೋಟೋ ಬಂತು, ಕಲ್ಲಚ್ಚು ಬಂತು, ಚೆಂದದ ಹೆಂಗಸರನ್ನು ಕೊಳ್ಳುವವರೇ ಇಲ್ಲವಾದರು. ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿದ್ದಾಗ ರಷ್ಯನ್ನರ ಮೇಲೆ ಯುದ್ಧ ಶುರುವಾಯಿತು. ಜನರಿಗೆ ದಿಢೀರನೆ ನಗೆಚಿತ್ರ ಬೇಕಾಯಿತು. ಕುದುರೆಯಿಂದ ಹಿಂದುಮುಂದಾಗಿ ಬೀಳುವ ರಷ್ಯನ್, ಹೆಂಡತಿಯ ಲಂಗದೊಳಗೆ ಅಡಗುವ ರಷ್ಯನ್, ಮೀನೊಂದು ನುಂಗಿ ಉಗುಳಿದ ರಷ್ಯನ್. ಎಲ್ಲರಿಗೂ ಗಡ್ಡ.

"ಇದೇನ್ರೀ, ಈ ಸೇನಾಪತಿ ಗಡ್ಡ ಮದುವಣಗಿತ್ತಿ ಕೂದಲು ಇದ್ದಂಗಿದೆ," ಎಂದಳು ಹೆಂಡತಿ ಒಸಾಕು, ಹಲಗೆಯ ಮೇಲಿನ ಮರದ ಹೊಟ್ಟು ಗುಡಿಸುತ್ತ.

"ನನ್ನ ಕೈಗೆ ಬರೋದು ಅದೊಂದೇ ಕಣೇ. ಜನ ನಗ್ತಾರಲ್ಲ, ಅಷ್ಟು ಸಾಕು."

3

ಅವರ ಒಬ್ಬನೇ ಮಗ ಇಸೊಕಿಚಿ ಯುದ್ಧಕ್ಕೆ ಹೋದ. (ಇಲ್ಲಿ ಸ್ಟೇಷನ್ನಿನ ದೃಶ್ಯವೊಂದನ್ನು ಬರೆದಿದ್ದೆ: ಬಾವುಟ, ಬ್ಯಾಂಡು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ. ಇಲ್ಲಿನ ಹೆಂಗಸರಿಗೆ ಸೆರಗೇ ಇಲ್ಲ ಎಂದು ಬರೆದ ಮೇಲೆ ನೆನಪಾಯಿತು. ನಮ್ಮ ನಾಡು ಬಿಟ್ಟು ಈ ಊರಿಗೆ ಬಂದು ನನ್ನ ತಲೆ ನೆರೆತಿದೆ, ಆದರೂ ಕೈ ಕೇಳುವುದಿಲ್ಲ. ಹರಿದು ಹಾಕಿದೆ. ನಿಜ ಹೇಳಬೇಕೆಂದರೆ ಒಸಾಕು ಸ್ಟೇಷನ್ನಿಗೆ ಹೋಗಲೇ ಇಲ್ಲ. ಹಲ್ಲುನೋವು ಎಂದು ದವಡೆ ಹಿಡಿದುಕೊಂಡು ಮನೆಯಲ್ಲೇ ಕೂತಿದ್ದಳು.)

ಹೊರಡುವ ಮುಂಚೆ ಎಲ್ಲ ಸಿಪಾಯಿಗಳಂತೆ ಅವನೂ ಒಂದು ಚಿಟಿಕೆ ಕೂದಲು, ಉಗುರು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟ. ಹೆಣ ಸಿಗದಿದ್ದರೆ ಹೂಳುವುದಕ್ಕೆ ಏನಾದರೂ ಬೇಕಲ್ಲ. ಎಲೆ ಉದುರುವ ಕಾಲಕ್ಕೆ ವಾರ್ಡ್ ಕಚೇರಿಯವನು ಬಂದು ಬಾಗಿಲಲ್ಲೇ ಟೋಪಿ ತೆಗೆದು ನಿಂತ. ಪೋರ್ಟ್ ಆರ್ಥರ್ ಕೋಟೆಯ ಕಂದಕದಲ್ಲಿ ವೀರಮರಣ, ದೇಹ ಸಿಕ್ಕಿಲ್ಲ ಎಂದ. ಕೂದಲನ್ನು ಹೂತರು.

ಕರ್ಮ ಮುಗಿದ ಮಾರನೆಯ ದಿನ ಚಿತ್ರದ ಅಂಗಡಿಯ ಗೆನ್‌ಷಿಚಿ ಬಂದ. ತೊಮೆಗೊರೊಗೆ ಕೆಲಸ ಕೊಡುವ ಧಣಿ ಅವನೇ. ಊದುಬತ್ತಿ ಹಚ್ಚಿದ, ನಿಜವಾಗಿಯೇ ಅತ್ತ. ಮೂಗು ಒರೆಸಿಕೊಂಡು ಪಕ್ಕದಲ್ಲಿ ಕೂತ.

"ಮೇಸ್ತ್ರಿ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನ್ನ ಮಗನ್ನ ನಾನು ಸಾಯೋಕೆ ಬಿಡಲ್ಲ."

"ಸತ್ತಾಯ್ತಲ್ಲ ಧಣಿ."

"ಅದಕ್ಕೇ ಹೇಳ್ತಿರೋದು. ದೆವ್ವ ಮಾಡೋಣ."

ಚಿತ್ರ ಆಗಲೇ ಅವನ ನಿಲುವಂಗಿಯ ತೋಳಿನೊಳಗೆ ಸುರುಳಿಯಾಗಿ ಕೂತಿತ್ತು. ಬಿಚ್ಚಿ ತೋರಿಸಿದ. ರಷ್ಯದ ಸೇನಾಪತಿ ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾನೆ, ಬರಿ ಎದೆಯ ಚರ್ಮಕ್ಕೇ ಪದಕಗಳನ್ನು ಚುಚ್ಚಿಕೊಂಡಿದ್ದಾನೆ. ಎದುರಿಗೆ ಹಬೆಯಲ್ಲಿ ಜಪಾನಿ ಸಿಪಾಯಿಯ ದೆವ್ವ. ಅದನ್ನು ಕಂಡು ಅವನು ಓಡಲು ಎದ್ದರೆ ತೊಟ್ಟಿ ಅಂಡಿಗೆ ಸಿಕ್ಕಿಕೊಂಡು ಅದೂ ಜೊತೆಗೇ ಎದ್ದಿದೆ. ಮೇಲೆ ಬರಹ: 'ಸತ್ತ ಇಸೊಕಿಚಿಗೇ ಹೀಗೆ ಹೆದರುವವರು, ಬದುಕಿದವರ ಎದುರು ನಿಂತಾರೆಯೇ?' ಎಲ್ಲವೂ ಇತ್ತು, ದೆವ್ವಕ್ಕೆ ಮುಖವಿರಲಿಲ್ಲ.

"ಚಿತ್ರ ಬರೆಯೋನು ನಿನ್ನ ಮಗನ್ನ ನೋಡಿಲ್ವಲ್ಲ," ಎಂದ ಗೆನ್‌ಷಿಚಿ. "ಖಾಲಿ ಬಿಟ್ಟಿದಾನೆ. ನೀನೇ ಹಾಕು ಮೇಸ್ತ್ರಿ. ಅಪ್ಪ ಕೆತ್ತಿದ್ದು ಅಂದ್ರೆ ಜನಕ್ಕೂ ಒಂದು ಇದು."

ತೊಮೆಗೊರೊ ಬೇಡ ಎನ್ನಬಹುದಿತ್ತು. (ನಾನು ಅವನ ಬಾಯಲ್ಲಿ 'ಬೇಡ' ಎಂದು ಬರೆದು ನೋಡಿದೆ. ಅವನು ಅದನ್ನು ಉಚ್ಚರಿಸಲಿಲ್ಲ. ಮಗನ ಮುಖವನ್ನು ಮತ್ತೆ ನೋಡಲು ಸಿಕ್ಕ ಒಂದೇ ದಾರಿ ಅದಾಗಿತ್ತು.)

4

ಇಲ್ಲಿ ಸ್ವಲ್ಪ ಗಮನ ಕೊಡಿ. ಆಮೇಲೆ ಅರ್ಥವಾಗಲಿಲ್ಲ ಎಂದು ನನ್ನನ್ನು ಬೈಯಬೇಡಿ.

ಚಿತ್ರವನ್ನು ತೆಳು ಕಾಗದದ ಮೇಲೆ ಬರೆದಿರುತ್ತಾರೆ. ಅದನ್ನು ಮಗುಚಿ, ಬರೆದ ಕಡೆಯನ್ನು ಹಲಗೆಗೆ ಅಂಟಿಸುತ್ತಾರೆ. ಕಾಗದದ ಬೆನ್ನನ್ನು ಉಜ್ಜಿ ತೆಳ್ಳಗೆ ಮಾಡಿದರೆ ಗೆರೆಗಳೆಲ್ಲ ತಿರುಗುಮುರುಗಾಗಿ ಕಾಣುತ್ತವೆ. ಕೆತ್ತುವವನು ಗೆರೆ ಹೋದಲ್ಲಿಗೆ ಹೋಗುತ್ತಾನೆ, ಅಷ್ಟೇ. ಮಸಿ ಬಳಿದು ಹಾಳೆ ಒತ್ತಿದಾಗ ಎಲ್ಲವೂ ಸರಿಯಾದ ದಿಕ್ಕಿಗೆ ಬಂದಿರುತ್ತದೆ. ಎಡ ಯಾವುದು, ಬಲ ಯಾವುದು ಎಂಬ ಚಿಂತೆ ಕಾಗದದ್ದು. ಕೆತ್ತುವವನ ತಲೆಯೊಳಗೆ ಅದು ಇಡೀ ಜನ್ಮದಲ್ಲಿ ಒಮ್ಮೆಯೂ ಬರುವುದಿಲ್ಲ.

ತೊಮೆಗೊರೊ ಸೇನಾಪತಿಯ ಗಡ್ಡ ಮುಗಿಸಿ ದೆವ್ವದ ಹತ್ತಿರ ಬಂದ. ಅಲ್ಲಿ ಗೆರೆ ಇರಲಿಲ್ಲ. ಉಳಿ ಹಿಡಿದ ಕೈ ಮೊದಲ ಬಾರಿಗೆ ಹಿಂಜರಿಯಿತು. ಆಮೇಲೆ ಅವನು ಕಣ್ಣು ಮುಚ್ಚಿ, ಎದುರಿಗೆ ಊಟಕ್ಕೆ ಕೂತ ಮಗನನ್ನು ನೆನೆದುಕೊಂಡ. ಹುಳಿಯ ಉಪ್ಪಿನಕಾಯಿ ಕಚ್ಚಿದಾಗ ಕಿರಿದಾಗುವ ಕಣ್ಣು. ಸ್ವಲ್ಪ ಸೊಟ್ಟ ಮೂಗು. ಚಿಕ್ಕವನಿದ್ದಾಗ ಅಪ್ಪನ ಉಳಿ ಹಿಡಿದು ಆಡಿ ಸೀಳಿಕೊಂಡಿದ್ದ ಎಡ ಹುಬ್ಬು. ಕಂಡಂತೆಯೇ ಕೆತ್ತಿದ. ಬೇರೆಯವರ ಗೆರೆ ಹಿಂಬಾಲಿಸಿದ್ದವನು ಅಂದು ತನ್ನದೇ ಗೆರೆ ಹಾಕಿದ. ಅಷ್ಟು ಸಂತೋಷವನ್ನು ಅವನು ಆ ವರ್ಷ ಕಂಡಿರಲಿಲ್ಲ, ಆಮೇಲೆ ಅದಕ್ಕಾಗಿ ನಾಚಿಕೊಂಡ.

ಅಚ್ಚು ಹಾಕುವವನು ಮೊದಲ ಹಾಳೆ ಎತ್ತಿ ತೊಮೆಗೊರೊನ ಕೈಗೆ ಕೊಟ್ಟ. ಮುಖ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಮೂಗು ಇನ್ನೊಂದು ಕಡೆಗೆ ಸೊಟ್ಟ. ಗಾಯದ ಗುರುತು ಬಲ ಹುಬ್ಬಿನ ಮೇಲೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ತಪ್ಪಿದ ಜಾಗವನ್ನು ಚೌಕಾಕಾರವಾಗಿ ಕೆತ್ತಿ ತೆಗೆದು, ಅಲ್ಲಿಗೆ ಹೊಸ ಮರದ ತುಂಡು ಬಡಿದು ಕೂರಿಸಿ ಮತ್ತೆ ಕೆತ್ತುವುದು ಆ ಕೆಲಸದಲ್ಲಿ ದಿನಬೆಳಗಾದರೆ ನಡೆಯುವ ಮಾತು. ತೊಮೆಗೊರೊ ಸುತ್ತಿಗೆಯನ್ನೂ ಎತ್ತಿಕೊಂಡ. ಮಗನ ಮುಖದ ಮೇಲೆ ಉಳಿಯಿಟ್ಟು ಹೊಡೆಯುವುದು ಅವನಿಂದಾಗಲಿಲ್ಲ. "ಇರಲಿ, ಒತ್ತು," ಎಂದುಬಿಟ್ಟ.

5

ಓಣಿಯಲ್ಲಿ ಅದನ್ನು ಗಮನಿಸಿದವಳು ಒಬ್ಬಳೇ.

"ಯಾರಿವನು?" ಎಂದಳು ಒಸಾಕು, ಹಾಳೆಯನ್ನು ದೂರ ಹಿಡಿದು.

"ಇಸೊ ಕಣೇ."

"ಅಲ್ಲ. ನನ್ನ ಮಗನಿಗೆ ಗಾಯ ಈ ಕಡೆ." ತನ್ನ ಎಡ ಹುಬ್ಬು ಮುಟ್ಟಿ ತೋರಿಸಿದಳು. "ಸತ್ತಿರೋನು ಇವನಾದ್ರೆ, ನನ್ನೋನು ಸತ್ತಿಲ್ಲ."

ಆ ದಿನದಿಂದ ಅವಳು ಮನೆಯಲ್ಲಿ ಪೂಜೆಗಿಟ್ಟ ಮಗನ ಹೆಸರಿನ ಫಲಕದ ಮುಂದೆ ಅನ್ನ ಇಡುವುದನ್ನು ಬಿಟ್ಟಳು. ಕೇಳಿದವರಿಗೆ, ಬದುಕಿರೋರಿಗೆ ಯಾರಾದರೂ ಎಡೆ ಇಡ್ತಾರಾ ಎನ್ನುತ್ತಿದ್ದಳು. ಪಾಪ, ತಲೆ ಕೆಟ್ಟಿದೆ ಎಂದರು ಜನ.

ಚಿತ್ರ ಮಾತ್ರ ಬಿಸಿ ದೋಸೆಯಂತೆ ಖರ್ಚಾಯಿತು. (ದೋಸೆ ಈ ಊರಲ್ಲಿ ಸಿಗುವುದಿಲ್ಲ. ಇರಲಿ, ನಿಮಗೆ ತಿಳಿಯಿತಲ್ಲ.) ಕ್ಷೌರದಂಗಡಿಯಲ್ಲಿ ಅಂಟಿಸಿದರು, ಓಣಿಯವರೆಲ್ಲ ಮೀಯಲು ಹೋಗುವ ಸ್ನಾನದ ಮನೆಯಲ್ಲಿ ಅಂಟಿಸಿದರು. ಜನ ಮೊದಲು ಸೇನಾಪತಿಯ ಅಂಡು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಗು ನಿಲ್ಲುವ ಮೊದಲೇ ದೆವ್ವಕ್ಕೆ ಕೈ ಮುಗಿಯುತ್ತಿದ್ದರು. ವಾರ್ಡಿನ ಹಿರಿಯರು ದೇವಸ್ಥಾನದ ಅಂಗಳದಲ್ಲಿ ಇಸೊಕಿಚಿಯ ಹೆಸರಿನ ಕಲ್ಲು ನಿಲ್ಲಿಸಿದರು. ತೊಮೆಗೊರೊ ಕ್ಷೌರದಂಗಡಿಯ ಹೊರಗೆ ನಿಂತು ಒಳಗಿನ ನಗುವನ್ನು ಕೇಳುತ್ತಿದ್ದ. ಹೆಮ್ಮೆಯಾಗುತ್ತಿತ್ತು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

6

(ಇದನ್ನು ಹೊಡೆದು ಹಾಕಿದ್ದೇನೆ, ಆದರೂ ಓದಿ.)

ಇಲ್ಲಿಯ ದೆವ್ವಗಳಿಗೆ ಪಾದವಿಲ್ಲ. ನಮ್ಮ ಕಡೆಯವಕ್ಕೆ ಹಿಂದುಮುಂದಾದರೂ ಇರುತ್ತವೆ. ಇಲ್ಲಿಯವು ಸೊಂಟದ ಕೆಳಗೆ ಹೊಗೆಯಾಗಿ ಮುಗಿದುಬಿಡುತ್ತವೆ. ನನ್ನ ಮೊದಲ ಡ್ರಾಫ್ಟಿನಲ್ಲಿ ಇಸೊಕಿಚಿ ಸತ್ತಿರಲಿಲ್ಲ, ಹಿಮದಲ್ಲಿ ಕೊಳೆತ ಪಾದಗಳನ್ನು ರಷ್ಯದ ಡಾಕ್ಟರೊಬ್ಬ ಕತ್ತರಿಸಿ ತೆಗೆದು ಅವನನ್ನು ಮನೆಗೆ ಕಳಿಸಿದ್ದ. ಕಾಲಿಲ್ಲದ ದೆವ್ವ ಕೆತ್ತಿದ ಅಪ್ಪನ ಮನೆಗೆ ಕಾಲಿಲ್ಲದ ಮಗ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ರೀ ಬರೆಯೋರೇ," ಎಂದಳು ಒಸಾಕು. ಯಾವಾಗ ಬಂದು ನನ್ನ ಕೋಣೆಯಲ್ಲಿ ಕೂತಿದ್ದಳೋ. "ನಿಮ್ಮ ಕಥೆ ಚೆಂದ ಕಾಣ್ಲಿ ಅಂತ ನನ್ನ ಮಗನ ಕಾಲು ತೆಗೀತೀರಾ?"

"ಅಮ್ಮಾ, ಅದೊಂದು ತಂತ್ರ."

"ಗೆನ್‌ಷಿಚಿನೂ ದೆವ್ವ ಮಾಡೋವಾಗ ಹಿಂಗೇ ಏನೋ ಅಂದ. ಕಾಲು ವಾಪಸ್ ಕೊಡಿ."

ಕೊಟ್ಟೆ.

7

ಯುದ್ಧ ಮುಗಿದ ಚಳಿಗಾಲದ ಒಂದು ಬೆಳಿಗ್ಗೆ ಇಸೊಕಿಚಿ ಹಿತ್ತಲ ಬಾಗಿಲಿನಿಂದ ಎರಡೂ ಕಾಲ ಮೇಲೆ ನಡೆದು ಬಂದ. ಕಾಲಿನಲ್ಲಿ ರಷ್ಯದ ದಪ್ಪ ಉಣ್ಣೆಯ ಬೂಟು. ಒಸಾಕು ಮೂಲಂಗಿ ತೊಳೆಯುತ್ತಿದ್ದಳು. ತಲೆಯೆತ್ತಿ ಮೊದಲು ಹುಬ್ಬು ನೋಡಿದಳು. ಎಡ ಹುಬ್ಬು.

"ಕಾಲ್ ತೊಳ್ಕೊಂಡ್ ಬಾ. ಅನ್ನ ಇದೆ," ಎಂದಳು. ಮೂಲಂಗಿ ಕೈಯಿಂದ ಜಾರಿ ಚರಂಡಿಗೆ ಬಿತ್ತು.

ತೊಮೆಗೊರೊ ಬಂದು ಬಾಗಿಲಲ್ಲಿ ನಿಂತ. ಅವನಿಗೆ ಓಡಿ ಹೋಗಿ ಮಗನನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಮಾಡಿದ್ದು ಮಾತ್ರ ಹಿತ್ತಲ ಬಾಗಿಲು ಮುಚ್ಚಿದ್ದು.

"ಸೆರೆ ಸಿಕ್ಕಿದ್ಯಾ?"

"ಹೂಂ ಅಪ್ಪ."

ಆ ಓಣಿಯಲ್ಲಿ ಸತ್ತವನ ಮನೆಗೆ ಮರ್ಯಾದೆ ಇತ್ತು. ಕೈಕಾಲು ಹೋದವನ ಮನೆಗೂ ಇತ್ತು. ಶತ್ರುವಿನ ಕೈಗೆ ಜೀವಂತ ಸಿಕ್ಕವನ ಮನೆಗೆ ಮಾತ್ರ ಯಾರೂ ಬೆಂಕಿ ಕೇಳಲೂ ಬರುತ್ತಿರಲಿಲ್ಲ.

"ಪ್ರಜ್ಞೆ ತಪ್ಪಿತ್ತು ತಾನೇ?" ತೊಮೆಗೊರೊನ ದನಿಯಲ್ಲಿ ಬೇಡಿಕೆಯಿತ್ತು. "ಗುಂಡು ತಗಲಿ ನೀನು ಬಿದ್ದಿದ್ದೆ. ಎಚ್ಚರ ಆದಾಗ ಅವರ ಕೈಲಿದ್ದೆ. ಹಂಗೇ ಅಲ್ವಾ?"

"ಇಲ್ಲಪ್ಪ. ಎಚ್ಚರ ಇತ್ತು. ಕಂದಕದೊಳಗೆ ನಮ್ಮೋರೆಲ್ಲ ಸತ್ತು ಬಿದ್ದಿದ್ರು. ಹಸಿವಾಗಿತ್ತು. ಕೈ ಎತ್ತಿದೆ."

"ಮೆಲ್ಲಗೆ ಮಾತಾಡು."

ಇಸೊಕಿಚಿ ಮೆಲ್ಲಗೆ ಉಂಡ. ಗೋಡೆಯ ಮೇಲಿನ ಚಿತ್ರವನ್ನು ಕಂಡು ಮೊದಲು ನಕ್ಕ, ಆಮೇಲೆ ಬರಹ ಓದಿ ಬಟ್ಟಲು ಕೆಳಗಿಟ್ಟ. "ಗಡ್ಡ ಹಿಂಗಿರಲ್ಲಪ್ಪ," ಎಂದ. "ನಮ್ಮನ್ನ ಕಾಯೋಕೆ ಒಬ್ಬ ಮುದುಕ ಇದ್ದ. ಗಡ್ಡ ಅಂದ್ರೆ ಹಳೇ ಹಾಸಿಗೆ ಹತ್ತಿ ಹೊರಗೆ ಬಂದಂಗೆ. ರೊಟ್ಟಿ ಚೂರೆಲ್ಲ ಸಿಕ್ಕೊಂಡಿರೋದು. ನಾವು ತೋರಿಸಿದ್ರೆ ಹುಡುಕಿ ಹುಡುಕಿ ತೆಗೆದು ಬಾಯಿಗೆ ಹಾಕ್ಕೊಳ್ಳೋನು. ಒಂದೊಂದ್ಸಲ ನಮಗೂ ಕೊಡೋನು."

ತೊಮೆಗೊರೊ ಅಷ್ಟು ಗಡ್ಡ ಕೆತ್ತಿದ್ದ, ಒಂದನ್ನೂ ನೋಡಿರಲಿಲ್ಲ.

8

ಮಧ್ಯಾಹ್ನ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದ ಇಸೊಕಿಚಿಯನ್ನು ತೋಫು ಮಾರುವ ಹೆಂಗಸು ನೋಡಿಬಿಟ್ಟಳು. ಅವನು ತೊದಲುನುಡಿಯುತ್ತಿದ್ದಾಗಿನಿಂದ ಬಲ್ಲವಳು. ತೊಮೆಗೊರೊ ಜೀವ ಕೈಯಲ್ಲಿ ಹಿಡಿದು ನಿಂತ. ಅವಳು ಹೊತ್ತ ಬುಟ್ಟಿ ಇಳಿಸಿ ಕಣ್ಣು ಕಿರಿದು ಮಾಡಿ ನೋಡಿದಳು.

"ನಿಮ್ಮ ಕಡೆಯೋರಾ ಮೇಸ್ತ್ರಿ? ಅಬ್ಬಾ, ಏನ್ ಹೋಲಿಕೆ. ನಮ್ಮ ಇಸೊನೇ ಅನ್ಕೋಬೇಕು." ಕೈ ಮುಗಿದು ಕಣ್ಣೊರೆಸಿಕೊಂಡಳು. "ಗಾಯ ಒಂದು ಈ ಕಡೆ ಇದೆ. ನಮ್ಮೋನಿಗೆ ಆ ಕಡೆ."

ಬೆಳಿಗ್ಗೆ ಸಂಜೆ ಸ್ನಾನದ ಮನೆಯ ಗೋಡೆಯಲ್ಲಿ ನೋಡಿ ನೋಡಿ ಅವಳಿಗೆ ಆ ಮುಖವೇ ಮುಖವಾಗಿತ್ತು. ಅವಳದೇನೂ ತಪ್ಪಿಲ್ಲ. (ನಿಮ್ಮ ಸತ್ತವರ ಮುಖ ನಿಮಗೆ ನೆನಪಿರುವುದು ಅವರಿಂದಲೋ, ಗೋಡೆಯ ಫೋಟೋದಿಂದಲೋ? ಒಮ್ಮೆ ಕೇಳಿಕೊಳ್ಳಿ. ನಾನು ಕೇಳಿಕೊಂಡು ಆ ದಿನವೆಲ್ಲ ಬರೆಯಲಿಲ್ಲ.)

ಸಂಜೆಗೆ ಸುದ್ದಿ ಮೂಸಿಕೊಂಡು ಗೆನ್‌ಷಿಚಿ ಬಂದ. ಇಸೊಕಿಚಿಯನ್ನು ಕಂಡು ಬಿಳಿಚಿಕೊಂಡ, ಗೋಡೆಯ ಚಿತ್ರ ನೋಡಿದ, ಮತ್ತೆ ಇಸೊಕಿಚಿಯನ್ನು ನೋಡಿದ. ಮುಖಕ್ಕೆ ನಿಧಾನವಾಗಿ ಬಣ್ಣ ಬಂತು.

"ಮೇಸ್ತ್ರಿ, ನಿನ್ನ ಕೈ ಮಾಡಿದ ತಪ್ಪು ದೇವರು ಮಾಡಿಸಿದ್ದು. ಇವನು ಇಸೊಕಿಚಿ ಅಲ್ಲ. ನಿನ್ನ ಹೆಂಡತಿ ತಂಗಿ ಮಗ, ದೂರದ ಎಚಿಗೊ ಸೀಮೆಯಿಂದ ಬಂದಿದಾನೆ. ಮನೇಲೇ ಇರ್ಲಿ, ಕೆಲಸ ಕಲೀಲಿ. ಯಾರೂ ಕಮಕ್ ಕಿಮಕ್ ಅನ್ನಲ್ಲ."

"ಧಣಿ, ನಾನು ಇಸೊಕಿಚಿನೇ," ಎಂದ ಇಸೊಕಿಚಿ.

"ನೀನು ಸುಮ್ನಿರಪ್ಪ. ನಿನಗೇನು ಗೊತ್ತು. ನಾಳೆ ಬೆಳಿಗ್ಗೆ ವಾರ್ಡಿನ ಹಿರಿಯರನ್ನ ಕರ್ಕೊಂಡು ಬರ್ತೀನಿ. ಅವರಿಗೂ ಅನುಮಾನ ಬೇಡ. ಅವರ ಎದುರಿಗೆ ಒಸಾಕು ಒಂದೇ ಒಂದು ಮಾತು ಹೇಳಿದ್ರೆ ಸಾಕು, ಇವನು ನನ್ನ ಮಗ ಅಲ್ಲ ಅಂತ. ಚಿತ್ರ ನೋಡಿ ಅವತ್ತೇ ಹೇಳಿದಾಳಂತಲ್ಲ, ಅದೇ ಮಾತು."

9

ಈಗ ಎಂಡಿಂಗ್ ಬೇಕು. ನನ್ನ ಹತ್ತಿರ ಇದ್ದಷ್ಟನ್ನು ನಿಮ್ಮೆದುರು ಇಡುತ್ತೇನೆ.

ಒಂದು: ತೊಮೆಗೊರೊ ಹಲಗೆಯಿಂದ ದೆವ್ವದ ಮುಖವನ್ನು ಕೆತ್ತಿ ತೆಗೆಯುತ್ತಾನೆ. ಆ ಚೌಕ ತೂತಿನ ಹಲಗೆಯನ್ನು ಹೊತ್ತು ವಾರ್ಡ್ ಕಚೇರಿಗೆ ಹೋಗಿ, ನನ್ನ ಮಗ ಬದುಕಿದ್ದಾನೆ, ಕೈ ಎತ್ತಿ ಬದುಕಿದ್ದಾನೆ ಎನ್ನುತ್ತಾನೆ. ದೇವಸ್ಥಾನದ ಕಲ್ಲು ಉರುಳುತ್ತದೆ. ಬಾವಿಗೆ ಇವರು ಕೊಡ ಇಳಿಸಿದರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಹೋಗುತ್ತಾರೆ. ಅದನ್ನು ನೋಡಲಾರದೆ ಇಸೊಕಿಚಿ ಸುಮಿದಾ ಹೊಳೆಗೆ...

"ಹೊಳೆಗೆ ಯಾಕೆ ಹಾಕ್ತೀರಿ?" ಎಂದಳು ಒಸಾಕು.

ಎರಡು: ಅವನು ತಂಗಿಯ ಮಗನಾಗುತ್ತಾನೆ. ಮನೆಯಲ್ಲೇ ಇರುತ್ತಾನೆ. ಹೆತ್ತವಳನ್ನು ದೊಡ್ಡಮ್ಮ ಎಂದು ಕರೆಯುತ್ತಾನೆ. ವರ್ಷಕ್ಕೊಮ್ಮೆ ಓಣಿಯವರ ಜೊತೆ ತನ್ನ ಹೆಸರಿನ ಕಲ್ಲಿನ ಮುಂದೆ ನಿಂತು ಕೈ ಮುಗಿಯುತ್ತಾನೆ.

"ಇದು ಪರವಾಗಿಲ್ಲ ಅಲ್ವಾ?" ಎಂದೆ. "ಜೊತೇಲೇ ಇರ್ತಾನೆ."

"ಜ್ವರ ಬಂದು ಮಲಗಿದಾಗ ಬಾಯಿತಪ್ಪಿ ಅಮ್ಮಾ ಅಂದ್ರೆ ನಾನೇನು ಮಾಡ್ಲಿ? ಕೇಳಿಸ್ಲಿಲ್ಲ ಅಂತ ಕೂತಿರ್ಲಾ?"

ಅಷ್ಟರಲ್ಲಿ, ಈವರೆಗೆ ನನ್ನ ಜೊತೆ ಒಂದು ಮಾತೂ ಆಡದಿದ್ದ ತೊಮೆಗೊರೊ ಗಂಟಲು ಸರಿಮಾಡಿಕೊಂಡ.

"ಅವನೇ ಬೆಳಗಾಗೋ ಮುಂಚೆ ಎದ್ದು ಹೊರಟು ಹೋದ ಅಂತ ಬರೀರಿ ಸ್ವಾಮಿ. ಉತ್ತರದ ಹೊಕ್ಕೈದೊಗೋ ಎಲ್ಲಿಗೋ. ಯಾರ ಮೇಲೂ ತಪ್ಪು ಬರಲ್ಲ."

ಒಸಾಕು ಗಂಡನ ಕಡೆ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೇಳಿದ್ದನ್ನು ನಾನು ಬರೆಯಲೂ ಹೊರಟಿದ್ದೆ, ಸುಳ್ಳು ಯಾಕೆ ಹೇಳಲಿ. ಓದುಗರು ಕಣ್ಣೀರು ಹಾಕಿ ಪುಸ್ತಕ ಮುಚ್ಚುವಂಥ ಮುಕ್ತಾಯ ಅದು.

"ಇಸೊಕಿಚಿ, ನಿನಗೇನು ಬೇಕಪ್ಪ?" ಎಂದು ಕೇಳಿದೆ. ಇಷ್ಟು ಹೊತ್ತು ಅವನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವನು ಬಟ್ಟಲು ಮುಂದೆ ಚಾಚಿದ. "ಇನ್ನೊಂದು ಬಟ್ಟಲು ಅನ್ನ," ಎಂದ.

10

ಬೆಳಗಾಗಿದೆ. ಇಸೊಕಿಚಿ ಉಣ್ಣುತ್ತಿದ್ದಾನೆ. ಮುಂಬಾಗಿಲ ಹೊರಗೆ ಮರದ ಚಪ್ಪಲಿಗಳ ಸದ್ದು. ಗೆನ್‌ಷಿಚಿ ಮತ್ತು ಹಿರಿಯರು. ತೊಮೆಗೊರೊ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾನೆ.

"ರೀ ಬರೆಯೋರೇ," ಎಂದಳು ಒಸಾಕು, ತೀರಾ ಮೆಲ್ಲಗೆ. "ನೀವು ಬರೆಯೋದು ನಿಲ್ಸಿದ್ರೆ ಅವರು ಹೊರಗೇ ಇರ್ತಾರೆ ಅಲ್ವಾ?"

"ಇರ್ತಾರೆ. ಆದ್ರೆ ಕಥೆ ಅರ್ಧಕ್ಕೆ ನಿಂತಂಗಾಗತ್ತೆ. ನೀವೂ ಒಳಗೇ ಉಳೀಬೇಕು. ಅವನು ಉಣ್ತಾನೇ ಇರ್ತಾನೆ, ನೀವು ಬಡಿಸ್ತಾನೇ ಇರಬೇಕು."

"ಬಡಿಸ್ತೀನಿ."

"ಅನ್ನ ಮುಗಿದ್ರೆ?"

"ಅದು ನನ್ನ ಕೆಲಸ. ನೀವು ಪೆನ್ನು ಕೆಳಗಿಡಿ."

ಇಟ್ಟೆ ಎಂದು ಅವಳಿಗೆ ಹೇಳಿದ್ದೇನೆ. ಅವಳು ನಂಬಿ ಬಟ್ಟಲು ತುಂಬುತ್ತಿದ್ದಾಳೆ. ನೀವು ಮಾತ್ರ ಇನ್ನೂ ಓದುತ್ತಿದ್ದೀರಿ. ನೀವು ಒಂದೊಂದು ಸಾಲು ಮುಂದೆ ಹೋದಂತೆ ಹೊರಗಿನವರು ಒಂದೊಂದು ಹೆಜ್ಜೆ ಹತ್ತಿರ ಬರುತ್ತಿದ್ದಾರೆ. ಗೆನ್‌ಷಿಚಿ ಬಾಗಿಲಿಗೆ ಕೈ ಹಾಕಿದ. ಬಾಗಿಲು ಸರಿಯುತ್ತಿದೆ. ದಯವಿಟ್ಟು ಇಲ್ಲಿಗೆ ನಿಲ್ಲಿಸಿ, ಇಸೊಕಿಚಿಯದು ಇನ್ನೂ ಊಟ ಆಗಿಲ್ಲ